ಮನೆಯ ಅಚ್ಚುಕಟ್ಟು, ಮೈಯ ಆರೋಗ್ಯ: ಜಪಾನೀಯರ ಐದು ಸೂತ್ರಗಳು

ಕೆಲವು ತಿಂಗಳ ಹಿಂದೆ ಅಜ್ಜಿಯೊಬ್ಬರನ್ನು ಅವರ ಮಗ ನನ್ನ ಬಳಿ ಕರೆತಂದರು. ವಯಸ್ಸು ಅರವತ್ತೆಂಟು. ರಕ್ತದ ಏರೊತ್ತಡವೊಂದನ್ನು ಬಿಟ್ಟರೆ ಗಟ್ಟಿಮುಟ್ಟಾದ ಜೀವ. "ಹದಿನೈದು ದಿನದಿಂದ ತಲೆಸುತ್ತು ಅಂತಿದ್ರು ಡಾಕ್ಟ್ರೇ. ಮೊನ್ನೆ ರಾತ್ರಿ ಬಚ್ಚಲಿಗೆ ಹೋಗೋಕೆ ಎದ್ದವರು ಬಿದ್ದೇಬಿಟ್ರು" ಎಂದರು ಮಗ. ಬಲಗೈ ಮಣಿಕಟ್ಟಿನ ಮೂಳೆ ಮುರಿದಿತ್ತು. ಪರೀಕ್ಷಿಸಿದಾಗ ಪಾದಗಳು ಊದಿಕೊಂಡಿದ್ದವು, ರಕ್ತದೊತ್ತಡ ಇರಬೇಕಾದುದಕ್ಕಿಂತ ಬಹಳ ಕಡಿಮೆ ಇತ್ತು. ನನಗೆ ಅನುಮಾನ ಬಂದು, "ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ, ಒಂದನ್ನೂ ಬಿಡದೆ, ನಾಳೆ ತನ್ನಿ" ಎಂದೆ.

ಮರುದಿನ ಬಂದದ್ದು ಬಟ್ಟೆ ಅಂಗಡಿಯ ಒಂದು ದೊಡ್ಡ ಚೀಲ. ಮೇಜಿನ ಮೇಲೆ ಸುರಿದು ನೋಡಿದರೆ ಅದರಲ್ಲಿ ಏನಿತ್ತು, ಏನಿರಲಿಲ್ಲ! ಅವಧಿ ಮುಗಿದ ಕೆಮ್ಮಿನ ಸಿರಪ್ಪು, ಮೊಮ್ಮಗನಿಗೆ ಯಾವಾಗಲೋ ಕೊಟ್ಟು ಅರ್ಧಕ್ಕೆ ನಿಲ್ಲಿಸಿದ ಆಂಟಿಬಯಾಟಿಕ್, ತೀರಿಹೋದ ಯಜಮಾನರ ಸಕ್ಕರೆ ಕಾಯಿಲೆಯ ಮಾತ್ರೆ, ಹೆಸರೇ ಅಳಿಸಿಹೋದ ಮುಲಾಮು. ಅವುಗಳ ನಡುವೆ ಎರಡು ಕಂಪನಿಗಳ ಎರಡು ಬೇರೆ ಹೆಸರಿನ ಮಾತ್ರೆ ಪಟ್ಟಿಗಳು. ಎರಡರಲ್ಲೂ ಇದ್ದದ್ದು ಒಂದೇ ಔಷಧಿ, ಅಮ್ಲೋಡಿಪಿನ್. ಒಂದು ಸಲ ಔಷಧಿ ಅಂಗಡಿಯಲ್ಲಿ ಹಳೆಯ ಹೆಸರಿನದು ಸಿಗದೆ ಬೇರೆ ಕಂಪನಿಯದನ್ನು ಕೊಟ್ಟಿದ್ದರು. ಆಮೇಲೆ ಚೀಲದ ತಳದಲ್ಲಿ ಹಳೆಯದೂ ಸಿಕ್ಕಿತು. ಅಜ್ಜಿ ದಿನವೂ ಎರಡನ್ನೂ ನುಂಗುತ್ತಿದ್ದರು! ತಲೆಸುತ್ತಿಗೆ ಕಾರಣ ಅದು. ಇನ್ನು ಬಿದ್ದದ್ದಕ್ಕೆ ಕಾರಣ, ಮಲಗುವ ಕೋಣೆಯಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ "ಮುಂದಿನ ವಾರ ಗುಜರಿಯವನಿಗೆ ಹಾಕೋಣ" ಎಂದು ಮೂರು ತಿಂಗಳಿಂದ ಇಟ್ಟಿದ್ದ ಹಳೆಯ ಪೇಪರಿನ ಕಟ್ಟು.

ಅಜ್ಜಿಗೆ ಹೊಸ ಕಾಯಿಲೆ ಯಾವುದೂ ಇರಲಿಲ್ಲ. ಸರಿಪಡಿಸಬೇಕಾಗಿದ್ದದ್ದು ಒಂದು ಚೀಲ ಮತ್ತು ಒಂದು ದಾರಿ. ಅಂದು ನಾನು ಅವರ ಮಗನಿಗೆ ಹೇಳಿದ್ದು ಜಪಾನಿನ ಕಾರ್ಖಾನೆಗಳಲ್ಲಿ ಹುಟ್ಟಿ ಬೆಳೆದ ಒಂದು ಪದ್ಧತಿಯ ವಿಷಯ. ಇಂದು ನಿಮಗೂ ಅದನ್ನೇ ಹೇಳುತ್ತೇನೆ.

ಕಾರ್ಖಾನೆಯಿಂದ ಬಂದ ಪಾಠ

ಎರಡನೆಯ ಮಹಾಯುದ್ಧ ಮುಗಿದಾಗ ಜಪಾನ್ ನೆಲಕಚ್ಚಿತ್ತು. ಕಚ್ಚಾವಸ್ತು ಇಲ್ಲ, ಹಣವಿಲ್ಲ, ಜಾಗವಂತೂ ಮೊದಲೇ ಕಡಿಮೆ. ಇಂಥ ಸ್ಥಿತಿಯಲ್ಲಿ ಕಾರ್ಖಾನೆ ನಡೆಸುವವರಿಗೆ ಯಾವುದನ್ನೂ ಹಾಳುಮಾಡುವಂತಿರಲಿಲ್ಲ. ಕೆಲಸಗಾರ ಸ್ಪ್ಯಾನರು ಹುಡುಕುತ್ತ ಕಳೆಯುವ ಐದು ನಿಮಿಷವೂ ನಷ್ಟವೇ, ನೆಲದ ಮೇಲೆ ಚೆಲ್ಲಿದ ಎಣ್ಣೆಗೆ ಕಾಲು ಜಾರಿ ಆತ ಬಿದ್ದರೆ ಅದಂತೂ ಇನ್ನೂ ದೊಡ್ಡ ನಷ್ಟ. ಟೊಯೋಟಾ ಕಂಪನಿಯಲ್ಲಿ ತೈಇಚಿ ಓನೋ (1912–1990) ಎಂಬ ಎಂಜಿನಿಯರು ವ್ಯರ್ಥವನ್ನು ಹುಡುಕಿ ಹುಡುಕಿ ತೆಗೆಯುವ ಉತ್ಪಾದನಾ ವಿಧಾನವನ್ನು ರೂಪಿಸಿದರು. ಅದಕ್ಕೆ ನೆಲಗಟ್ಟಾಗಿ ನಿಂತದ್ದು ಕೆಲಸದ ಜಾಗವನ್ನು ಅಚ್ಚುಕಟ್ಟಾಗಿಡುವ ಕೆಲವು ಸರಳ ನಿಯಮಗಳು.

ಈ ನಿಯಮಗಳು ಆಗ ಹೊಸದಾಗಿ ಹುಟ್ಟಿದವಲ್ಲ. ಜಪಾನಿನಲ್ಲಿ 1928ರಿಂದಲೇ ಪ್ರತಿ ವರ್ಷ ರಾಷ್ಟ್ರೀಯ ಸುರಕ್ಷತಾ ಸಪ್ತಾಹವನ್ನು ಆಚರಿಸುತ್ತ ಬಂದಿದ್ದಾರೆ. ಕಾರ್ಖಾನೆಯ ಗೋಡೆಗಳ ಮೇಲೆ "ಸೇರಿ, ಸೇಟೊನ್" ಎಂಬ ಎರಡು ಪದಗಳನ್ನು ಬರೆಸುವುದು ಅಲ್ಲಿ ಹಳೆಯ ವಾಡಿಕೆ. ಮೊದಲು ಎರಡು, ಆಮೇಲೆ ನಾಲ್ಕು, ಕೊನೆಗೆ ಐದು ಪದಗಳಾದವು. ಐದೂ ಪದಗಳು ರೋಮನ್ ಲಿಪಿಯಲ್ಲಿ ಎಸ್ ಅಕ್ಷರದಿಂದ ಆರಂಭವಾಗುವುದರಿಂದ ಜಗತ್ತಿನಾದ್ಯಂತ ಇದಕ್ಕೆ 'ಫೈವ್ ಎಸ್' ಎಂಬ ಹೆಸರು ಬಿತ್ತು. ತಕಾಶಿ ಒಸಾದಾ ಎಂಬುವರ ಪುಸ್ತಕ 1991ರಲ್ಲಿ, ಹಿರೋಯುಕಿ ಹಿರಾನೋ ಎಂಬುವರ ಪುಸ್ತಕ 1995ರಲ್ಲಿ ಇಂಗ್ಲಿಷಿನಲ್ಲಿ ಬಂದ ಮೇಲೆ ಈ ವಿಚಾರ ಜಪಾನಿನ ಹೊರಗೂ ಬೇಗ ಹರಡಿತು.

ನಮ್ಮ ರಾಜ್ಯಕ್ಕೂ ಈ ಪದ್ಧತಿ ಅಪರಿಚಿತವಲ್ಲ. ಬೆಂಗಳೂರಿನ ಹತ್ತಿರ ಬಿಡದಿಯಲ್ಲಿ ಟೊಯೋಟಾದ ಕಾರ್ಖಾನೆ ಇದೆ. ಆ ಕಂಪನಿ ಇಲ್ಲಿ ಸ್ಥಾಪನೆಯಾದದ್ದು 1997ರಲ್ಲಿ. ಅಂಥ ದೊಡ್ಡ ಕಾರ್ಖಾನೆಗಳಲ್ಲಿ, ಅವುಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ಘಟಕಗಳಲ್ಲಿ ದುಡಿಯುವವರು ನಿಮ್ಮ ಮನೆಯಲ್ಲಿಯೂ ಇರಬಹುದು. 'ಫೈವ್ ಎಸ್' ಎಂದರೇನೆಂದು ಅವರನ್ನು ಕೇಳಿ ನೋಡಿ, ಬಾಯಿಪಾಠ ಒಪ್ಪಿಸುತ್ತಾರೆ. ಆದರೆ ಅದೇ ವ್ಯಕ್ತಿಯ ಮನೆಯ ಬೀರುವಿನ ಬಾಗಿಲು ತೆರೆದರೆ ಬಟ್ಟೆಯ ಗಂಟು ತಲೆಯ ಮೇಲೆ ಬೀಳುತ್ತದೆ!

ಈಗ ಐದು ಪದಗಳನ್ನು ಒಂದೊಂದಾಗಿ ನೋಡೋಣ.

1. ಸೇರಿ: ಬೇಕಾದ್ದು, ಬೇಡವಾದ್ದು

ನಮ್ಮ ಕಿವಿಗೆ 'ಸೇರಿ' ಎಂದು ಕೇಳುವ ಈ ಜಪಾನೀ ಪದದ ಕೆಲಸ ಮಾತ್ರ ತದ್ವಿರುದ್ಧ: ಬೇರ್ಪಡಿಸುವುದು. ಬೇಕಾದ್ದು ಯಾವುದು, ಬೇಡವಾದ್ದು ಯಾವುದು ಎಂದು ವಿಂಗಡಿಸಿ, ಬೇಡವಾದ್ದನ್ನು ಆ ಜಾಗದಿಂದ ತೆಗೆಯುವುದು. ಮೊರದಲ್ಲಿ ಅಕ್ಕಿ ಕೇರುವ ಕೆಲಸವೇ ಇದು.

ಆದರೆ ತೀರ್ಮಾನ ಮಾಡುವುದು ಹೇಗೆ? ಕಾರ್ಖಾನೆಗಳಲ್ಲಿ ಇದಕ್ಕೊಂದು ಉಪಾಯವಿದೆ. ಬೇಕೋ ಬೇಡವೋ ಎಂದು ಅನುಮಾನವಿರುವ ಪ್ರತಿ ವಸ್ತುವಿಗೂ ಒಂದು ಕೆಂಪು ಚೀಟಿ ಕಟ್ಟುತ್ತಾರೆ. ಜಪಾನಿ ಭಾಷೆಯಲ್ಲಿ ಇದಕ್ಕೆ 'ಅಕಾಫುದಾ' ಎನ್ನುತ್ತಾರೆ. ಚೀಟಿಯ ಮೇಲೆ ದಿನಾಂಕ ಬರೆದು, ಆ ವಸ್ತುವನ್ನು ಒಂದು ಪ್ರತ್ಯೇಕ ಜಾಗಕ್ಕೆ ಸಾಗಿಸುತ್ತಾರೆ. ಗೊತ್ತುಪಡಿಸಿದ ಅವಧಿಯೊಳಗೆ ಯಾರೂ ಅದನ್ನು ಕೇಳಿಕೊಂಡು ಬರದಿದ್ದರೆ ವಿಲೇವಾರಿ. ಕಣ್ಣೆದುರೇ ಎಸೆಯುವ ಸಂಕಟವೂ ಇಲ್ಲ, ಆತುರದ ತಪ್ಪೂ ಇಲ್ಲ.

ಆರೋಗ್ಯಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೇಳಬಹುದು. ಡೆಂಗೆಯನ್ನೇ ತೆಗೆದುಕೊಳ್ಳಿ. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗೆಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಬೇಕಾಯಿತು. ಅದನ್ನು ಹರಡುವ ಈಡಿಸ್ ಸೊಳ್ಳೆಗೆ ಕೊಳಚೆ ನೀರು ಬೇಕಿಲ್ಲ. ಹಿತ್ತಲಿನಲ್ಲಿ ಬಿದ್ದಿರುವ ತೆಂಗಿನ ಕರಟ, ತಾರಸಿಯ ಮೇಲಿನ ಹಳೆಯ ಟೈರು, ಒಡೆದ ಬಕೆಟ್ಟು, ಬಳಸದ ಹೂಕುಂಡ, ಇವುಗಳಲ್ಲಿ ನಿಂತ ಒಂದು ಬಟ್ಟಲು ಮಳೆನೀರು ಸಾಕು. ಮೊಟ್ಟೆ ಸೊಳ್ಳೆಯಾಗಿ ಹಾರಲು ಬೇಕಾದದ್ದು ಸುಮಾರು ಏಳರಿಂದ ಹತ್ತು ದಿನ. ಈ ಪಟ್ಟಿಯಲ್ಲಿರುವ ವಸ್ತುಗಳೆಲ್ಲ "ಇರಲಿ, ಯಾವತ್ತಾದರೂ ಬೇಕಾದೀತು" ಎಂದು ನಾವೇ ಇಟ್ಟುಕೊಂಡವು. ಹಾಗೆಯೇ ಮೂಲೆಯಲ್ಲಿ ಪೇರಿಸಿದ ಗೋಣಿಚೀಲ, ಸೌದೆ, ರಟ್ಟಿನ ಪೆಟ್ಟಿಗೆಗಳು ಇಲಿ, ಜಿರಳೆ, ಚೇಳುಗಳಿಗೆ ಬಾಡಿಗೆಯಿಲ್ಲದ ಮನೆ. ಇಲಿಯ ಮೂತ್ರದಿಂದ ಇಲಿಜ್ವರ ಹರಡುತ್ತದೆ ಎಂಬುದನ್ನು ಮರೆಯಬಾರದು.

2. ಸೇಟೊನ್: ಪ್ರತಿಯೊಂದಕ್ಕೂ ಒಂದು ಜಾಗ

ಬೇಡವಾದ್ದು ಹೋದ ಮೇಲೆ ಉಳಿದದ್ದಕ್ಕೆ ಸ್ಥಾನ ಗೊತ್ತುಮಾಡಬೇಕು. ಜಪಾನೀಯರು ಇಲ್ಲಿ ಮೂರು ಪ್ರಶ್ನೆ ಕೇಳುತ್ತಾರೆ. ಎಲ್ಲಿರಬೇಕು? ಏನಿರಬೇಕು? ಎಷ್ಟಿರಬೇಕು? ಕಾರ್ಖಾನೆಯ ಹಲಗೆಯ ಮೇಲೆ ಪ್ರತಿಯೊಂದು ಉಪಕರಣದ ಆಕಾರವನ್ನೂ ಬಣ್ಣದಲ್ಲಿ ಬರೆದಿರುತ್ತಾರೆ. ಸುತ್ತಿಗೆ ತೆಗೆದರೆ ಸುತ್ತಿಗೆಯ ನೆರಳಿನಂತಹ ಚಿತ್ರ ಕಾಣುತ್ತದೆ. ಯಾವುದು ಕಾಣೆಯಾಗಿದೆ ಎಂದು ಯಾರನ್ನೂ ಕೇಳಬೇಕಾಗಿಲ್ಲ.

ನಮ್ಮ ಅಡುಗೆಮನೆಯ ಒಗ್ಗರಣೆ ಡಬ್ಬಿಯನ್ನು ನೆನಪಿಸಿಕೊಳ್ಳಿ. ಸಾಸಿವೆ, ಜೀರಿಗೆ, ಮೆಂತ್ಯ, ಉದ್ದಿನಬೇಳೆ, ಪ್ರತಿಯೊಂದಕ್ಕೂ ಒಂದು ಬಟ್ಟಲು. ಎಣ್ಣೆ ಕಾದಾಗ ಕತ್ತಲೆಯಲ್ಲೂ ಕೈ ಸರಿಯಾದ ಬಟ್ಟಲಿಗೇ ಹೋಗುತ್ತದೆ. ಸೇಟೊನ್ ಎಂದರೆ ಅದೇ. ಆ ಡಬ್ಬಿಯ ಶಿಸ್ತು ಮಾತ್ರೆಗಳ ಚೀಲಕ್ಕೆ, ಔಷಧಿಗಳ ಶೆಲ್ಫಿಗೆ ಬರಲಿಲ್ಲ ಎಂಬುದೇ ನನ್ನ ದೂರು.

ಜಾಗ ಗೊತ್ತುಮಾಡುವಾಗ ದೇಹವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ದಿನಬಳಕೆಯ ವಸ್ತುಗಳು ಮೊಣಕಾಲಿಗಿಂತ ಮೇಲೆ, ಭುಜಕ್ಕಿಂತ ಕೆಳಗೆ ಇರಲಿ. ಭಾರವಾದವು ಸೊಂಟದ ಮಟ್ಟದಲ್ಲಿರಲಿ. ಅಕ್ಕಿಯ ಡಬ್ಬವನ್ನು ಬಗ್ಗಿ ಎಳೆಯುವಾಗ ಸೊಂಟ ಹಿಡಿಸಿಕೊಂಡವರು, ಅಟ್ಟದ ಮೇಲಿನ ಪಾತ್ರೆಗಾಗಿ ಸ್ಟೂಲು ಹತ್ತಿ ಬಿದ್ದವರು ನನ್ನ ಬಳಿ ಬರುತ್ತಲೇ ಇರುತ್ತಾರೆ.

ಮಕ್ಕಳಿರುವ ಮನೆಯಲ್ಲಿ ಇನ್ನೊಂದು ನಿಯಮ ಕಡ್ಡಾಯ. ಫಿನಾಯಿಲ್, ಆಸಿಡ್, ಸೀಮೆಎಣ್ಣೆ, ಕೀಟನಾಶಕಗಳನ್ನು ತಂಪುಪಾನೀಯದ ಖಾಲಿ ಬಾಟಲಿಗೆ ಎಂದೂ ತುಂಬಿಡಬಾರದು. ಮಗುವಿನ ಕಣ್ಣಿಗೆ ಬಾಟಲಿ ಎಂದರೆ ಜ್ಯೂಸು. ಅವು ತಮ್ಮ ಮೂಲ ಡಬ್ಬಿಯಲ್ಲೇ, ಹೆಸರಿನ ಚೀಟಿಯೊಡನೆ, ಬೀಗ ಹಾಕುವ ಎತ್ತರದ ಜಾಗದಲ್ಲಿರಬೇಕು. ಅಕಸ್ಮಾತ್ ಮಗು ಸೀಮೆಎಣ್ಣೆ ಕುಡಿದರೆ ವಾಂತಿ ಮಾಡಿಸಬೇಡಿ. ಅದು ಶ್ವಾಸಕೋಶಕ್ಕೆ ಇಳಿದು ಅಪಾಯ ಹೆಚ್ಚುತ್ತದೆ. ಬಾಟಲಿಯ ಸಮೇತ ಮಗುವನ್ನು ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

3. ಸೇಸೋ: ಗುಡಿಸುವುದೂ ಒಂದು ತಪಾಸಣೆ

ಸೇಸೋ ಎಂದರೆ ಸ್ವಚ್ಛಗೊಳಿಸುವುದು. ಇದರಲ್ಲೇನು ವಿಶೇಷ, ನಾವೂ ದಿನಾ ಕಸ ಗುಡಿಸುವುದಿಲ್ಲವೇ ಎನ್ನಬಹುದು. ಜಪಾನಿನ ಕಾರ್ಖಾನೆಗಳಲ್ಲಿ ಹೇಳಿಕೊಡುವ ಮಾತೆಂದರೆ, ಸ್ವಚ್ಛಗೊಳಿಸುವುದೇ ತಪಾಸಣೆ. ಯಂತ್ರವನ್ನು ಒರೆಸುವ ಕೈಗೆ ಸಡಿಲವಾದ ಬೋಲ್ಟು ಸಿಗುತ್ತದೆ, ಎಣ್ಣೆ ಸೋರುವ ಜಾಗ ಕಾಣುತ್ತದೆ. ಎಣ್ಣೆ ಒರೆಸುವುದಷ್ಟೇ ಅಲ್ಲ, ಎಲ್ಲಿಂದ ಸೋರುತ್ತಿದೆ ಎಂದು ಹುಡುಕಬೇಕು.

ಮನೆಯಲ್ಲಿ ಗ್ಯಾಸ್ ಒಲೆ ಒರೆಸುವಾಗ ರಬ್ಬರ್ ಟ್ಯೂಬು ಬಿರುಕುಬಿಟ್ಟಿದೆಯೇ, ಅದರ ಮೇಲೆ ಮುದ್ರಿಸಿರುವ ಅವಧಿ ಮುಗಿದಿದೆಯೇ ನೋಡಿ. ಬಚ್ಚಲು ತಿಕ್ಕುವಾಗ ಎಲ್ಲಿ ಪಾಚಿ ಕಟ್ಟುತ್ತಿದೆ, ಯಾವ ನಲ್ಲಿ ತೊಟ್ಟಿಕ್ಕುತ್ತಿದೆ ಗಮನಿಸಿ. ನೀರಿನ ತೊಟ್ಟಿಯನ್ನು ವಾರಕ್ಕೊಮ್ಮೆ ಖಾಲಿ ಮಾಡಿದರೆ ಸಾಲದು, ಒಳಗೋಡೆಯನ್ನು ಬ್ರಷ್ಷಿನಿಂದ ಉಜ್ಜಬೇಕು. ಏಕೆಂದರೆ ಈಡಿಸ್ ಸೊಳ್ಳೆಯ ಮೊಟ್ಟೆ ನೀರಿನ ಮಟ್ಟಕ್ಕೆ ಸ್ವಲ್ಪ ಮೇಲೆ ಗೋಡೆಗೆ ಅಂಟಿಕೊಂಡಿರುತ್ತದೆ. ಒಣಗಿದರೂ ಅದು ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿದ್ದು, ನೀರು ಮುಟ್ಟಿದೊಡನೆ ಮರಿಯಾಗುತ್ತದೆ.

ಆಸ್ತಮಾ, ಅಲರ್ಜಿಯ ಸೀನು ಇರುವವರ ಮನೆಯಲ್ಲಿ ಒಣ ಪೊರಕೆಯಿಂದ ಧೂಳೆಬ್ಬಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸುವುದು ಲೇಸು. ಹಾಸಿಗೆ, ದಿಂಬಿನಲ್ಲಿರುವ ಧೂಳಿನ ನುಸಿಗಳು ಕಣ್ಣಿಗೆ ಕಾಣುವುದಿಲ್ಲ. ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಮನೆಯಲ್ಲಿ ವಸ್ತುಗಳು ಕಡಿಮೆಯಿದ್ದಷ್ಟೂ ಧೂಳು ಕೂರುವ ಜಾಗವೂ ಕಡಿಮೆ. ಮೊದಲನೆಯ ಸೂತ್ರ ಮೂರನೆಯದಕ್ಕೆ ಹೀಗೆ ನೆರವಾಗುತ್ತದೆ.

4. ಸೇಕೆತ್ಸು: ಒಂದು ದಿನದ ಕೆಲಸ ದಿನನಿತ್ಯದ ಕ್ರಮವಾಗಬೇಕು

ಜಪಾನಿ ಭಾಷೆಯಲ್ಲಿ ಸೇಕೆತ್ಸು ಎಂದರೆ ಶುಭ್ರತೆ, ನೈರ್ಮಲ್ಯ. ಕಾರ್ಖಾನೆಯ ಅರ್ಥದಲ್ಲಿ ಹೇಳುವುದಾದರೆ, ಮೊದಲ ಮೂರು ಹೆಜ್ಜೆಗಳಿಂದ ಬಂದ ಸ್ಥಿತಿಯನ್ನು ಉಳಿಸಿಕೊಳ್ಳಲು ಒಂದು ನಿಯಮ ಮಾಡಿಕೊಳ್ಳುವುದು. ಯಾರು, ಯಾವಾಗ, ಹೇಗೆ ಮಾಡಬೇಕೆಂದು ಎಲ್ಲರಿಗೂ ಕಾಣುವಂತೆ ಬರೆದು ಹಾಕುವುದು.

ನಾವು ಹಬ್ಬಕ್ಕೆ ಮುಂಚೆ ಮನೆಯೆಲ್ಲ ತೊಳೆಯುತ್ತೇವೆ, ಆಯುಧಪೂಜೆಗೆ ಉಪಕರಣಗಳನ್ನೆಲ್ಲ ಒರೆಸಿ ಅರಿಶಿನ ಕುಂಕುಮ ಹಚ್ಚುತ್ತೇವೆ. ಜಪಾನೀಯರೂ ವರ್ಷದ ಕೊನೆಯಲ್ಲಿ 'ಓಸೋಜಿ' ಎಂಬ ಮಹಾ ಸ್ವಚ್ಛತೆ ಮಾಡಿ ಹೊಸ ವರ್ಷವನ್ನು ಬರಮಾಡಿಕೊಳ್ಳುತ್ತಾರೆ. ಆದರೆ ವರ್ಷಕ್ಕೊಮ್ಮೆಯ ಸ್ವಚ್ಛತೆಯಿಂದ ಸೊಳ್ಳೆಯೂ ಸಾಯುವುದಿಲ್ಲ, ಮಾತ್ರೆಯ ಗೊಂದಲವೂ ತಪ್ಪುವುದಿಲ್ಲ. ಅದಕ್ಕೇ ಈ ನಾಲ್ಕನೆಯ ಹೆಜ್ಜೆ.

ಉದಾಹರಣೆಗೆ, ಅಂಗಡಿಯಿಂದ ಹೊಸದಾಗಿ ತಂದ ಬೇಳೆ, ಕಡಲೆಕಾಯಿಬೀಜವನ್ನು ಹಳೆಯದರ ಮೇಲೆ ಸುರಿಯಬಾರದು ಎಂಬುದು ಒಂದು ನಿಯಮವಾಗಲಿ. ಹಳೆಯದು ಮುಗಿದು, ಡಬ್ಬಿ ತೊಳೆದು ಒಣಗಿಸಿದ ಮೇಲೆ ಹೊಸದು. ಇಲ್ಲದಿದ್ದರೆ ತಳದಲ್ಲಿದ್ದದ್ದು ತಳದಲ್ಲೇ ಉಳಿದು ಬೂಷ್ಟು ಹಿಡಿಯುತ್ತದೆ. ತೇವ ತಗುಲಿದ ಕಡಲೆಕಾಯಿಯಲ್ಲಿ ಬೆಳೆಯುವ ಒಂದು ಬಗೆಯ ಬೂಷ್ಟು ಅಫ್ಲಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತದೆ. ಅದು ಯಕೃತ್ತಿಗೆ ಮಾರಕ, ಹುರಿದರೂ ಪೂರ್ತಿಯಾಗಿ ನಾಶವಾಗುವುದಿಲ್ಲ.

5. ಶಿತ್ಸುಕೆ: ಮೈಗೂಡಿದ ಶಿಸ್ತು

ಐದನೆಯದು ಅತ್ಯಂತ ಕಠಿಣ. ಶಿತ್ಸುಕೆ ಎಂದರೆ ಶಿಸ್ತು, ಮಕ್ಕಳಿಗೆ ಕಲಿಸುವ ಒಳ್ಳೆಯ ನಡತೆ. ಈ ಪದವನ್ನು ಬರೆಯುವ ಲಿಪಿಚಿಹ್ನೆಯಲ್ಲಿ ಎರಡು ಭಾಗಗಳಿವೆ: ಒಂದು 'ದೇಹ', ಇನ್ನೊಂದು 'ಸುಂದರ'. ದರ್ಜಿಯು ಬಟ್ಟೆಯ ಮಡಿಕೆ ಕದಲದಂತೆ ಮೊದಲು ಹಾಕಿಕೊಳ್ಳುವ ತಾತ್ಕಾಲಿಕ ಕಚ್ಚಾ ಹೊಲಿಗೆಗೂ ಜಪಾನಿಯಲ್ಲಿ ಶಿತ್ಸುಕೆ ಎಂದೇ ಹೆಸರು. ಪಕ್ಕಾ ಹೊಲಿಗೆ ಬಿದ್ದ ಮೇಲೆ ಆ ದಾರವನ್ನು ಎಳೆದು ಬಿಸಾಡುತ್ತಾರೆ. ಶಿಸ್ತೂ ಹಾಗೆಯೇ: ಅಭ್ಯಾಸ ಮೈಗೂಡುವವರೆಗೆ ಮಾತ್ರ ಹೊರಗಿನ ಒತ್ತಾಯ ಬೇಕು.

ಜಪಾನಿನ ಶಾಲೆಗಳಲ್ಲಿ ಮಕ್ಕಳೇ ತಮ್ಮ ತರಗತಿಯನ್ನು ಗುಡಿಸಿ ಒರೆಸುತ್ತಾರೆ. ಅದು ಶಿಕ್ಷೆಯಲ್ಲ, ದಿನದ ಪಾಠಗಳ ಒಂದು ಭಾಗ. 2022ರಲ್ಲಿ ಕತಾರ್‌ನಲ್ಲಿ ನಡೆದ ವಿಶ್ವಕಪ್ ಫುಟ್‌ಬಾಲ್ ಪಂದ್ಯಗಳ ನಂತರ ಜಪಾನೀ ಪ್ರೇಕ್ಷಕರು ಕ್ರೀಡಾಂಗಣದಲ್ಲಿ ತಾವು ಕುಳಿತಿದ್ದ ಜಾಗದ ಕಸವನ್ನು ಚೀಲಗಳಲ್ಲಿ ತುಂಬಿಕೊಂಡು ಹೋದದ್ದನ್ನು ಜಗತ್ತೇ ನೋಡಿತು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?

ಇಲ್ಲಿ ಒಂದು ಮಾತು. ನಮ್ಮ ಮನೆಗಳಲ್ಲಿ ಅಚ್ಚುಕಟ್ಟು ಎಂದರೆ ಅದು ಹೆಂಗಸರ ಕೆಲಸ ಎಂದು ಉಳಿದವರೆಲ್ಲ ಕೈತೊಳೆದುಕೊಳ್ಳುತ್ತಾರೆ. ಕಾರ್ಖಾನೆಯಲ್ಲಿ ಈ ಪದ್ಧತಿ ನಿಲ್ಲಬೇಕಾದರೆ ಮ್ಯಾನೇಜರನೂ ನೆಲದ ಮೇಲಿನ ಕಾಗದದ ಚೂರು ಹೆಕ್ಕಬೇಕು. ಒಬ್ಬರು ಜೋಡಿಸುತ್ತ, ನಾಲ್ವರು ಹರಡುತ್ತ ಹೋದರೆ ಐದು ಸೂತ್ರಗಳಲ್ಲ, ಐವತ್ತು ಸೂತ್ರಗಳಿದ್ದರೂ ಪ್ರಯೋಜನವಿಲ್ಲ.

ಆಸ್ಪತ್ರೆಯ ಬಾಗಿಲಿಗೆ

ಕಾರ್ಖಾನೆಯ ಈ ಪದ್ಧತಿ ಆಸ್ಪತ್ರೆಗಳಿಗೆ ಕಾಲಿಟ್ಟ ಕಥೆ ಸ್ವಾರಸ್ಯಕರ. ಅದು ನಮ್ಮ ನೆರೆಯಲ್ಲೇ, ಶ್ರೀಲಂಕಾದಲ್ಲಿ ನಡೆಯಿತು. ಕೊಲಂಬೊ ನಗರದಲ್ಲಿರುವ ಕ್ಯಾಸಲ್ ಸ್ಟ್ರೀಟ್ ಮಹಿಳಾ ಆಸ್ಪತ್ರೆ ಸರ್ಕಾರಿ ಹೆರಿಗೆ ಆಸ್ಪತ್ರೆ. 2000ರ ದಶಕದ ಆರಂಭದಲ್ಲಿ ಅದರ ನಿರ್ದೇಶಕರಾಗಿದ್ದ ಡಾ. ವಿಮಲ್ ಕರಂದಗೊಡ ಅವರು ಅಲ್ಲಿ ಈ ಐದು ಸೂತ್ರಗಳನ್ನು ಜಾರಿಗೆ ತಂದರು. ಹೊಸ ಕಟ್ಟಡ, ದುಬಾರಿ ಯಂತ್ರಗಳಿಗಾಗಿ ಕಾಯಲಿಲ್ಲ. ಇದ್ದ ಜಾಗವನ್ನು ಖಾಲಿ ಮಾಡಿ, ಇದ್ದ ವಸ್ತುಗಳನ್ನು ಜೋಡಿಸಿ, ಇದ್ದ ಸಿಬ್ಬಂದಿಯನ್ನೇ ಜೊತೆಗೆ ಕರೆದುಕೊಂಡು ಕೆಲಸ ಆರಂಭಿಸಿದರು. ಇದು ಎಷ್ಟು ಹೆಸರಾಯಿತೆಂದರೆ, 2007ರಲ್ಲಿ ಜಪಾನಿನ ಅಂತರರಾಷ್ಟ್ರೀಯ ಸಹಕಾರ ಸಂಸ್ಥೆಯಾದ ಜೈಕಾ ಆಫ್ರಿಕಾದ ಎಂಟು ದೇಶಗಳಿಗಾಗಿ ಒಂದು ಕಾರ್ಯಕ್ರಮ ರೂಪಿಸಿದಾಗ ಶ್ರೀಲಂಕಾದ ಈ ಅನುಭವವನ್ನೇ ಮಾದರಿಯಾಗಿ ತೋರಿಸಿತು. ತಾಂಜಾನಿಯಾ, ಕೀನ್ಯಾ, ಉಗಾಂಡಾ ಮೊದಲಾದ ದೇಶಗಳ ಆಸ್ಪತ್ರೆಗಳು ಅದರಲ್ಲಿ ಸೇರಿದವು.

ಆಸ್ಪತ್ರೆಯಲ್ಲಿ ಇದರ ಮಹತ್ವ ಅರಿಯಲು ತುರ್ತು ಚಿಕಿತ್ಸೆಯ ಟ್ರಾಲಿಯನ್ನು ನೋಡಿದರೆ ಸಾಕು. ಹೃದಯ ನಿಂತ ರೋಗಿಯ ಮುಂದೆ ನಿಂತು ಅಡ್ರಿನಲಿನ್ ಎಲ್ಲಿದೆ ಎಂದು ಡ್ರಾಯರುಗಳನ್ನು ಎಳೆದೆಳೆದು ನೋಡಲು ಸಮಯವಿರುವುದಿಲ್ಲ. ಅಲ್ಲಿ ಪ್ರತಿ ನಿಮಿಷವೂ ಒಂದು ಜೀವದ ಬೆಲೆ. ನೋಡಲು ಒಂದೇ ರೀತಿಯ ಎರಡು ಔಷಧಿ ಬಾಟಲಿಗಳನ್ನು ಅಕ್ಕಪಕ್ಕ ಇಟ್ಟರೆ ಅವಸರದಲ್ಲಿ ಒಂದರ ಬದಲು ಇನ್ನೊಂದು ಕೈಗೆ ಬರಬಹುದು. ನಮ್ಮ ದೇಶದಲ್ಲೂ 2015ರಲ್ಲಿ ಕೇಂದ್ರ ಸರ್ಕಾರ 'ಕಾಯಕಲ್ಪ' ಎಂಬ ಯೋಜನೆಯನ್ನು ಆರಂಭಿಸಿ, ಸ್ವಚ್ಛತೆ ಮತ್ತು ಸೋಂಕು ನಿಯಂತ್ರಣದಲ್ಲಿ ಮುಂದಿರುವ ಸರ್ಕಾರಿ ಆಸ್ಪತ್ರೆಗಳಿಗೆ ಪ್ರಶಸ್ತಿ ಕೊಡುತ್ತ ಬಂದಿದೆ.

ಬೀಳುವುದು ಸಣ್ಣ ಸಂಗತಿಯಲ್ಲ

'ಹುಡುಕುವ ಬಳ್ಳಿ ಕಾಲಿಗೆ ತೊಡರಿತು' ಎಂಬ ಗಾದೆಯನ್ನು ನಾವು ಸಂತೋಷಕ್ಕೆ ಬಳಸುತ್ತೇವೆ. ಆದರೆ ವಯಸ್ಸಾದವರ ಕಾಲಿಗೆ ತೊಡರುವುದು ಮೊಬೈಲ್ ಚಾರ್ಜರಿನ ವೈರು, ಮಡಿಸಿಕೊಂಡ ಕಾಲೊರಸು, ಮೊಮ್ಮಗುವಿನ ಆಟದ ಕಾರು. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ನೀಡಿದ ಅಂದಾಜಿನಂತೆ ಪ್ರಪಂಚದಲ್ಲಿ ಪ್ರತಿ ವರ್ಷ ಸುಮಾರು 6,84,000 ಜನ ಬಿದ್ದ ಪೆಟ್ಟಿನಿಂದ ಸಾಯುತ್ತಾರೆ. ಆಕಸ್ಮಿಕ ಗಾಯಗಳಿಂದ ಸಂಭವಿಸುವ ಸಾವುಗಳಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಇದಕ್ಕೇ. ಹೀಗೆ ಸಾಯುವವರಲ್ಲಿ 60 ವರ್ಷ ದಾಟಿದವರೇ ಹೆಚ್ಚು. ತೊಡೆಯ ಮೂಳೆ ಮುರಿದು ಹಾಸಿಗೆ ಹಿಡಿದ ಅಜ್ಜ ಅಜ್ಜಿಯರಿಗೆ ನ್ಯುಮೋನಿಯಾ, ಹಾಸಿಗೆ ಹುಣ್ಣು, ರಕ್ತನಾಳದಲ್ಲಿ ಹೆಪ್ಪುಗಟ್ಟುವಿಕೆ ಒಂದರ ಹಿಂದೊಂದು ಬರುತ್ತವೆ.

ಆದ್ದರಿಂದ ಇಂದು ರಾತ್ರಿಯೇ ಒಂದು ಕೆಲಸ ಮಾಡಿ. ಮನೆಯ ಹಿರಿಯರ ಹಾಸಿಗೆಯಿಂದ ಬಚ್ಚಲಿನವರೆಗೆ ದೀಪ ಆರಿಸಿ ನಿಧಾನವಾಗಿ ನಡೆದು ನೋಡಿ. ಕಾಲಿಗೆ ತಗುಲಿದ್ದನ್ನೆಲ್ಲ ತೆಗೆಯಿರಿ. ಆ ದಾರಿಯಲ್ಲಿ ಒಂದು ಸಣ್ಣ ರಾತ್ರಿದೀಪ ಹಾಕಿ. ಬಚ್ಚಲ ನೆಲ ಒಣಗಿರಲಿ, ಕೈಹಿಡಿಯಲು ಗೋಡೆಗೆ ಗಟ್ಟಿಯಾದ ಕಂಬಿ ಇರಲಿ.

ಔಷಧಿ ಡಬ್ಬಿಯಿಂದ ಆರಂಭಿಸಿ

ಇಡೀ ಮನೆಯನ್ನು ಒಂದೇ ಭಾನುವಾರ ಸರಿಮಾಡುತ್ತೇನೆಂದು ಹೊರಟವರು ಮಧ್ಯಾಹ್ನದ ಹೊತ್ತಿಗೆ ಸುಸ್ತಾಗಿ ಎಲ್ಲವನ್ನೂ ಮತ್ತೆ ಅಟ್ಟಕ್ಕೆ ತುರುಕುತ್ತಾರೆ. ಆರಂಭಶೂರತ್ವ ಬೇಡ. ಒಂದು ಡಬ್ಬಿಯಿಂದ ಆರಂಭಿಸಿ. ಅದು ಔಷಧಿಯ ಡಬ್ಬಿಯೇ ಆಗಲಿ.

ಮೊದಲ ಹೆಜ್ಜೆ: ಮನೆಯಲ್ಲಿರುವ ಎಲ್ಲ ಔಷಧಿಗಳನ್ನೂ ಒಂದು ಕಡೆ ಸುರಿಯಿರಿ. ಅವಧಿ ಮುಗಿದದ್ದು, ಹೆಸರು ಅಳಿಸಿದ್ದು, ಈಗ ಯಾರೂ ತೆಗೆದುಕೊಳ್ಳದಿರುವುದು, ಇವನ್ನು ಬೇರ್ಪಡಿಸಿ. ಉಳಿದ ಆಂಟಿಬಯಾಟಿಕ್ ಮಾತ್ರೆಗಳನ್ನು "ಮುಂದಿನ ಜ್ವರಕ್ಕೆ" ಎಂದು ಕೂಡಿಡಬೇಡಿ. ದಿನನಿತ್ಯದ ಮಾತ್ರೆ ಯಾವುದಾದರೂ ಬೇಕೋ ಬೇಡವೋ ಎಂಬ ಅನುಮಾನವಿದ್ದರೆ ನೀವೇ ತೀರ್ಮಾನಿಸದೆ ವೈದ್ಯರಿಗೆ ತೋರಿಸಿ. ಬೇಡವಾದ ಮಾತ್ರೆಗಳನ್ನು ಪಟ್ಟಿಯಿಂದ ಬಿಡಿಸಿ, ಬಳಸಿದ ಕಾಫಿ ಚರಟ ಅಥವಾ ಮಣ್ಣಿನೊಡನೆ ಕಲಸಿ, ಚೀಲದಲ್ಲಿ ಬಿಗಿಯಾಗಿ ಕಟ್ಟಿ ಕಸಕ್ಕೆ ಹಾಕಿ. ಮಕ್ಕಳಾಗಲಿ ದನ ನಾಯಿಗಳಾಗಲಿ ತಿನ್ನುವಂತಿರಬಾರದು.

ಎರಡನೆಯದು: ಮನೆಯ ಪ್ರತಿಯೊಬ್ಬರಿಗೂ ಬೇರೆ ಬೇರೆ ಡಬ್ಬಿ, ಅದರ ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರು. ಕಂಪನಿಯ ಹೆಸರಿನ ಕೆಳಗೆ ಸಣ್ಣದಾಗಿ ಬರೆದಿರುವ ಔಷಧಿಯ ಮೂಲ ಹೆಸರನ್ನು ಓದಿ. ಎರಡು ಪಟ್ಟಿಗಳಲ್ಲಿ ಒಂದೇ ಹೆಸರಿದ್ದರೆ ವೈದ್ಯರನ್ನು ಕೇಳಿ. ಡಬ್ಬಿಯನ್ನು ಬಚ್ಚಲಿನ ತೇವದಲ್ಲಾಗಲಿ ಒಲೆಯ ಬಿಸಿಗಾಗಲಿ ಇಡಬೇಡಿ. ಇನ್ಸುಲಿನ್ ಫ್ರಿಜ್ಜಿನಲ್ಲಿರಲಿ, ಆದರೆ ಮಂಜುಗಟ್ಟುವ ಮೇಲಿನ ಖಾನೆಯಲ್ಲಿ ಬೇಡ.

ಮೂರನೆಯದು: ಡಬ್ಬಿ ಒರೆಸುವಾಗಲೇ ಎಷ್ಟು ಮಾತ್ರೆ ಉಳಿದಿದೆ, ಅವಧಿ ಎಂದು ಮುಗಿಯುತ್ತದೆ ನೋಡಿ. ಇರಬೇಕಾದುದಕ್ಕಿಂತ ಹೆಚ್ಚು ಉಳಿದಿದ್ದರೆ ಯಾರೋ ಮಾತ್ರೆ ತಪ್ಪಿಸಿದ್ದಾರೆ ಎಂದರ್ಥ.

ನಾಲ್ಕನೆಯದು: ಬೆಳಗ್ಗೆ ಯಾವುದು, ರಾತ್ರಿ ಯಾವುದು ಎಂಬ ಪಟ್ಟಿಯನ್ನು ಬರೆದು ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿ. ವೈದ್ಯರು ಔಷಧಿ ಬದಲಿಸಿದ ದಿನವೇ ಪಟ್ಟಿಯೂ ಬದಲಾಗಬೇಕು.

ಐದನೆಯದು: ತಿಂಗಳ ಮೊದಲ ಭಾನುವಾರ ಮನೆಯ ಒಬ್ಬರು ಡಬ್ಬಿಯನ್ನು ಪರಿಶೀಲಿಸುವ ಪದ್ಧತಿ ಇಟ್ಟುಕೊಳ್ಳಿ. ಶಾಲೆಗೆ ಹೋಗುವ ದೊಡ್ಡ ಮಕ್ಕಳಿಗೆ ನಿಮ್ಮ ಎದುರಿನಲ್ಲಿ ಪಟ್ಟಿ ಓದುವ ಕೆಲಸ ಕೊಡಿ.

ಕೆಲವು ಎಚ್ಚರಿಕೆಗಳು

ಐದು ಸೂತ್ರಗಳು ಔಷಧಿಗೆ ಬದಲಿಯಲ್ಲ. ಅವುಗಳಿಂದ ಸಕ್ಕರೆ ಕಾಯಿಲೆ ಗುಣವಾಗುವುದಿಲ್ಲ; ಆದರೆ ಸಕ್ಕರೆ ಕಾಯಿಲೆಯ ಮಾತ್ರೆ ಸರಿಯಾದ ಹೊತ್ತಿಗೆ ಸರಿಯಾದ ಕೈಗೆ ಸಿಗುತ್ತದೆ.

ಸ್ವಚ್ಛ ಮಾಡುವ ಉತ್ಸಾಹದಲ್ಲಿ ಬ್ಲೀಚಿಂಗ್ ದ್ರವವನ್ನೂ ಆಸಿಡ್ಡನ್ನೂ ಬೆರೆಸಬೇಡಿ. ಹಾಗೆ ಬೆರೆತಾಗ ಹೊರಬರುವ ಕ್ಲೋರಿನ್ ಅನಿಲ ಕಿಟಕಿಯಿಲ್ಲದ ಬಚ್ಚಲಿನಲ್ಲಿ ಪ್ರಾಣಕ್ಕೇ ಸಂಚಕಾರ ತರಬಲ್ಲದು. ಅಟ್ಟ ಸ್ವಚ್ಛ ಮಾಡುವಾಗ ಅಲುಗಾಡುವ ಕುರ್ಚಿಯ ಮೇಲೆ ಸ್ಟೂಲಿಟ್ಟು ಹತ್ತುವ ಸಾಹಸ ಬೇಡ. ಆಸ್ತಮಾ ಇರುವವರು ಆ ದಿನ ಧೂಳಿನಿಂದ ದೂರವಿರಲಿ.

ಇನ್ನು ಮನಸ್ಸಿನ ವಿಷಯ. ವಯಸ್ಸಾದವರ ಪೆಟ್ಟಿಗೆಯಲ್ಲಿರುವ ಹಳೆಯ ಪತ್ರ, ಮಾಸಿದ ಸೀರೆ, ನಿಂತುಹೋದ ಗಡಿಯಾರ ನಮಗೆ ಕಸವಾಗಿ ಕಾಣಬಹುದು, ಅವರಿಗೆ ಅದೇ ಬದುಕು. ಅವರು ಮಲಗಿದ್ದಾಗ ಎತ್ತಿ ಬಿಸಾಡುವುದು ಅಚ್ಚುಕಟ್ಟಲ್ಲ, ಕ್ರೌರ್ಯ. ಸೇರಿ ಎಂದರೆ ಬೇಡವಾದ್ದನ್ನು ತೆಗೆಯುವುದು. ಯಾರಿಗೆ ಬೇಡ ಎಂಬ ಪ್ರಶ್ನೆಯನ್ನು ಆ ವಸ್ತುವಿನ ಒಡೆಯರನ್ನೇ ಕೇಳಬೇಕು. ಹಾಗೆಂದು, ಯಾವುದನ್ನೂ ಬಿಸಾಡಲಾಗದೆ, ಮಲಗಲೂ ಜಾಗವಿಲ್ಲದಂತೆ ಮನೆ ತುಂಬಿಕೊಳ್ಳುವುದು ಒಂದು ಕಾಯಿಲೆಯೂ ಆಗಿರಬಹುದು. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಪ್ರಕಟಿಸಿದ ರೋಗಗಳ ಕೈಪಿಡಿಯಲ್ಲಿ ಇದನ್ನು ಪ್ರತ್ಯೇಕ ಕಾಯಿಲೆಯಾಗಿ ಸೇರಿಸಿದ್ದಾರೆ. ಇದಕ್ಕೆ ವಿರುದ್ಧವಾಗಿ, ಒಂದು ಲೋಟ ಸ್ವಲ್ಪ ಓರೆಯಾದರೂ ಚಡಪಡಿಸಿ, ದಿನದ ಗಂಟೆಗಟ್ಟಲೆ ಸಮಯವನ್ನು ತೊಳೆಯುವುದರಲ್ಲೇ ಕಳೆಯುವುದು ಗೀಳು ಕಾಯಿಲೆಯ ಲಕ್ಷಣವಿರಬಹುದು. ಎರಡಕ್ಕೂ ಬೈಗುಳ ಮದ್ದಲ್ಲ, ಚಿಕಿತ್ಸೆ ಇದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ (14416) ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಆ ಅಜ್ಜಿಯ ವಿಷಯ ಹೇಳಿ ಮುಗಿಸುತ್ತೇನೆ. ಹೆಚ್ಚಾಗಿದ್ದ ಮಾತ್ರೆ ನಿಲ್ಲಿಸಿದ ಮೇಲೆ ತಲೆಸುತ್ತು ಹೋಯಿತು, ಪಾದಗಳ ಊತ ಇಳಿಯಿತು. ಆರು ವಾರಗಳ ನಂತರ ಕೈಯ ಪಟ್ಟಿ ಬಿಚ್ಚಿಸಿಕೊಂಡು ಬಂದಾಗ ಅವರ ಕೈಯಲ್ಲಿ ಬಟ್ಟೆ ಅಂಗಡಿಯ ಚೀಲವಿರಲಿಲ್ಲ. ಹಳೆಯದೊಂದು ಒಗ್ಗರಣೆ ಡಬ್ಬಿ ಇತ್ತು! ಸಾಸಿವೆಯ ಬಟ್ಟಲಿನಲ್ಲಿ ಬೆಳಗಿನ ಮಾತ್ರೆಯ ಪಟ್ಟಿ, ಜೀರಿಗೆಯ ಬಟ್ಟಲಿನಲ್ಲಿ ರಾತ್ರಿಯದು, ಮುಚ್ಚಳದ ಒಳಗೆ ಮೊಮ್ಮಗ ದುಂಡಗಿನ ಅಕ್ಷರದಲ್ಲಿ ಬರೆದ ಪಟ್ಟಿ. "ಪೇಪರಿನ ಕಟ್ಟು ಏನಾಯ್ತು ಅಜ್ಜಿ?" ಎಂದು ಕೇಳಿದೆ. "ಗುಜರಿಯವನಿಗೆ ಹಾಕಿದ್ವಿ ಡಾಕ್ಟ್ರೇ. ಆ ದುಡ್ಡಲ್ಲೇ ದಾರೀಲಿ ಒಂದು ದೀಪ ಹಾಕಿಸ್ದೆ" ಎಂದರು.